ಊಟದ ಸಾಲಿನಲ್ಲಿ ಆಡೋ ಮಾತನ್ನು ಸಭೆಯಲ್ಲೇ ಆಡಿ

ರೈತ ಉತ್ಪಾದಕ ಕಂಪನಿಗಳ ವಾರ್ಷಿಕ ಮಹಾಸಭೆ ಹೆಚ್ಚಾಗಿ ನಡೆಯೋದು ಸೆಪ್ಟೆಂಬರ್ ಹೊತ್ತಿಗೆ. ಆ ದಿನ ಒಂದು ವಿಷಯ ಗಮನಿಸಿ. ನಮ್ಮ ವಯಸ್ಸಿನವರು ಬಾಗಿಲ ಹತ್ತಿರ ನಿಂತು ಫೋನ್ ನೋಡ್ತಿರ್ತಾರೆ. ವಂದನಾರ್ಪಣೆ ಮುಗಿದು ಊಟಕ್ಕೆ ಕೂತ ಮೇಲೆ ನಿಜವಾದ ಸಭೆ ಶುರು. ತೂಕ ಸರಿಯಿಲ್ಲ, ದುಡ್ಡು ತಡ ಆಗ್ತಿದೆ, ಗೊಬ್ಬರ ಬಂದ್ರೆ ಬೇಕಾದವರಿಗೇ ಮೊದಲು. ಎಲ್ಲವೂ ನಿಜ ಇರಬಹುದು. ಆದರೆ ಅನ್ನ ಸಾರಿನ ಜೊತೆ ಆಡಿದ ಮಾತನ್ನು ಯಾರೂ ನಡಾವಳಿ ಪುಸ್ತಕದಲ್ಲಿ ಬರೆಯಲ್ಲ. ಬರೆಯದ ಮಾತಿಗೆ ಮುಂದಿನ ವರ್ಷ ಯಾರೂ ಉತ್ತರ ಕೊಡಬೇಕಾಗಿಲ್ಲ.

ತೋಟಗಾರಿಕೆ ಪದವಿ ಓದುವಾಗ ನಮಗೆ ಗುಂಪು ಚರ್ಚೆ ಅಂತ ಮಾಡಿಸ್ತಿದ್ರು. ದನಿ ಗಟ್ಟಿ ಇದ್ದವನಿಗೆ ಅಂಕ ಜಾಸ್ತಿ. ಊರಿನ ಸಭೆಯಲ್ಲಿ ಆ ವಿದ್ಯೆ ನಡೆಯಲ್ಲ. ಇಲ್ಲಿ ಬೇಕಾಗಿರೋದು ಒಂದು ಪ್ರಶ್ನೆ, ಅದಕ್ಕೊಂದು ಲೆಕ್ಕ, ಅದು ಪುಸ್ತಕಕ್ಕೆ ಏರುವವರೆಗೂ ಕೂತಿರೋ ತಾಳ್ಮೆ.

ಕೆಲಸ ಶುರುವಾಗೋದು ನೋಟಿಸ್ ಬಂದ ದಿನ. ಕಾನೂನು ಪ್ರಕಾರ ಮಹಾಸಭೆಗೆ ಕನಿಷ್ಠ 14 ದಿನ ಮೊದಲು ಸದಸ್ಯರಿಗೆ ನೋಟಿಸ್ ಕೊಡಬೇಕು. ಅದರ ಜೊತೆಗೆ ಕಾರ್ಯಸೂಚಿ, ಹಿಂದಿನ ಮಹಾಸಭೆಯ ನಡಾವಳಿ, ಆಡಿಟ್ ಆದ ಲೆಕ್ಕಪತ್ರವೂ ಇರಬೇಕು. ನಮ್ಮಲ್ಲಿ ಎಷ್ಟು ಜನ ಇದನ್ನು ಬಿಚ್ಚಿ ಓದ್ತೀವಿ? ಬಂದಿಲ್ಲ ಅಂದ್ರೆ ಅದನ್ನೇ ಮೊದಲ ಪ್ರಶ್ನೆ ಮಾಡಿಕೊಳ್ಳಿ. ಇನ್ನೊಂದು ಮಾತು, ಕೋರಂಗೆ ಒಟ್ಟು ಸದಸ್ಯರಲ್ಲಿ ಕನಿಷ್ಠ ಕಾಲು ಭಾಗ ಹಾಜರಿರಬೇಕು. ಅಂದ್ರೆ ಸಹಿ ಹಾಕಿ ಎದ್ದು ಹೋಗುವವರ ಹಾಜರಿಯಲ್ಲೇ ಎಷ್ಟೋ ನಿರ್ಣಯಗಳು ಪಾಸಾಗಿ ಬಿಡ್ತವೆ. ರೈತರೇ ಸದಸ್ಯರಾಗಿರೋ ಕಂಪನಿಯಲ್ಲಿ ಷೇರು ಹತ್ತಿರಲಿ ನೂರಿರಲಿ, ಒಬ್ಬರಿಗೆ ಒಂದೇ ಮತ. ಅರ್ಧ ಎಕರೆಯವನ ಕೈಗೂ ಇಪ್ಪತ್ತು ಎಕರೆಯವರ ಕೈಗೂ ಅಲ್ಲಿ ಒಂದೇ ಬೆಲೆ.

ಇನ್ನು ಕೇಳೋ ರೀತಿ. "ತೂಕದಲ್ಲಿ ಯಾವಾಗ್ಲೂ ಮೋಸ" ಅಂದ್ರೆ ವೇದಿಕೆ ಮೇಲಿನವರಿಗೆ ಸಿಟ್ಟು ಬರುತ್ತೆ, ಹಿಂದೆ ಕೂತವರು ಚಪ್ಪಾಳೆ ಹೊಡೀತಾರೆ, ವಿಷಯ ಅಲ್ಲಿಗೆ ಮುಗಿಯುತ್ತೆ. ಅದರ ಬದಲು ನಾಲ್ಕು ಸಲ ಮಾಲು ಹಾಕಿದಾಗ ಮನೇಲಿ ತೂಗಿದ್ದೆಷ್ಟು, ರಸೀದಿಯಲ್ಲಿ ಬಂದಿದ್ದೆಷ್ಟು ಅಂತ ಬರೆದಿಟ್ಟುಕೊಳ್ಳಿ. ರಸೀದಿಗಳ ಫೋಟೊ ಫೋನಲ್ಲಿರಲಿ. ಆಮೇಲೆ ಕೇಳಿ, "ಈ ತೂಕದ ಯಂತ್ರಕ್ಕೆ ಕೊನೇ ಸಲ ಮುದ್ರೆ ಹಾಕಿಸಿದ್ದು ಯಾವಾಗ ಸಾರ್?" ಎಲೆಕ್ಟ್ರಾನಿಕ್ ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸಲೇಬೇಕು. ಈ ಪ್ರಶ್ನೆಗೆ ಉತ್ತರ ತಾರೀಖಿನಲ್ಲೇ ಬರಬೇಕು, ಭಾಷಣದಲ್ಲಿ ಬರೋಕಾಗಲ್ಲ. ಉತ್ತರ ಬಂದ ಮೇಲೆ ಕೂತುಬಿಡಬೇಡಿ. "ಇದನ್ನ ನಡಾವಳಿಗೆ ಬರ್ಕೊಳ್ಳಿ, ಬರೆದಿದ್ದನ್ನ ಒಂದು ಸಲ ಓದಿ ಹೇಳಿ" ಅನ್ನಿ.

ಹಿರಿಯರು ತಡೀತಾರೆ, ಗೊತ್ತಿರೋದೇ. "ನೀನಿನ್ನೂ ಚಿಕ್ಕೋನು, ಕೂತ್ಕೋ ಮಗಾ." ಜಗಳಕ್ಕೆ ನಿಂತರೆ ವಿಷಯ ಹೋಗಿ ಮರ್ಯಾದೆ ಪ್ರಶ್ನೆ ಆಗುತ್ತೆ. "ಆಯ್ತು ದೊಡ್ಡಪ್ಪ, ಈ ಲೆಕ್ಕ ಒಂದು ಹೇಳಿ ಕೂರ್ತೀನಿ" ಅಂದ್ರೆ ಸಾಕು. ಸಭೆಗೆ ಮೊದಲೇ ಇಬ್ಬರು ಹಿರಿಯರಿಗೆ ಲೆಕ್ಕ ತೋರಿಸಿಟ್ಟಿದ್ದರೆ ಇನ್ನೂ ಒಳ್ಳೇದು, ತಡೆಯೋಕೆ ಬಂದವರನ್ನ ಅವರೇ ಸುಮ್ಮನಿರಿಸ್ತಾರೆ. ಹಾಗೇ ಹಿಂದೆ ಕೂತಿರೋ ಅಕ್ಕಂದಿರ ಕಡೆಗೂ ಒಂದು ಕಣ್ಣಿರಲಿ. ಟೊಮೆಟೊ ವಿಂಗಡಿಸಿ ಕ್ರೇಟಿಗೆ ತುಂಬೋರು ಅವರು. ಎಷ್ಟು ಮಾಲು ಯಾಕೆ ವಾಪಸ್ ಬಂತು ಅನ್ನೋದು ಅವರಿಗೆ ಗೊತ್ತಿರೋಷ್ಟು ನಿರ್ದೇಶಕರಿಗೂ ಗೊತ್ತಿರಲ್ಲ. "ಅಕ್ಕಾ, ನೀವು ಹೇಳಿ" ಅಂತ ಮೈಕ್ ದಾಟಿಸೋದು ನಮ್ಮ ಕೈಲಿರೋ ಕೆಲಸ.

ಇದಕ್ಕಿಂತ ಕಷ್ಟದ ಸಭೆ ಅಂದ್ರೆ ನಮ್ಮಂಥ ಸಾವಯವದವರದು. ಪಿಜಿಎಸ್ ಪದ್ಧತಿಯಲ್ಲಿ ಕನಿಷ್ಠ ಐದು ರೈತರ ಗುಂಪು ಇರುತ್ತೆ, ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಗುಂಪಲ್ಲಿ ಒಬ್ಬ ರಾತ್ರಿ ಕಳೆನಾಶಕ ಹೊಡೆದಿದ್ದಾನೆ ಅಂತ ಊರಿಗೆಲ್ಲ ಗೊತ್ತು, ಸಭೆಯಲ್ಲಿ ಮಾತ್ರ ಎಲ್ಲರೂ ತಲೆ ಬಗ್ಗಿಸ್ತಾರೆ. ಅವನು ಸಂಬಂಧಿಕ, ನಾಳೆ ನೀರಿಗೋ ಟ್ರ್ಯಾಕ್ಟರಿಗೋ ಅವನ ಹತ್ತಿರಾನೇ ಹೋಗಬೇಕು. ಈ ಮುಲಾಜನ್ನು ನಾನು ಹಗುರವಾಗಿ ನೋಡಲ್ಲ. ಆದರೆ ಮಾಲು ಪರೀಕ್ಷೆಗೆ ಹೋಗಿ ಸಿಕ್ಕಿಬಿದ್ದರೆ ಗ್ರಾಹಕರು ಅವನೊಬ್ಬನನ್ನ ಬಿಡಲ್ಲ, ಗುಂಪನ್ನೇ ಬಿಡ್ತಾರೆ. "ನೀನು ಹೊಡೆದೆ" ಅಂತ ಬೆರಳು ತೋರಿಸೋದೇನೂ ಬೇಡ. "ಈ ತಿಂಗಳು ಎಲ್ಲರೂ ಹೊಲದ ಡೈರಿ ತೆಗೆದು ಓದೋಣ, ಮೊದಲು ನನ್ನದೇ ನೋಡಿ, ಆಮೇಲೆ ಬದುಗಳ ಮೇಲೆ ಒಂದು ಸುತ್ತು ನಡೆದು ಬರೋಣ" ಅನ್ನಿ. ಸುಟ್ಟ ಹುಲ್ಲು ಎಲ್ಲಿದೆಯೋ ಅಲ್ಲಿ ಎಲ್ಲರ ಕಾಲೂ ತಾನಾಗೇ ನಿಲ್ಲುತ್ತೆ.