ಡಬ್ಬದ ಮೇಲಿನ ವ್ಯಾಟು, ಕಿವಿಗೆ ಸಿಗುವ ವ್ಯಾಟು

ನಮ್ಮ ಮುಂಬಯಿ ಕನ್ನಡಿಗರಲ್ಲಿ ಒಂದು ಖಯಾಲಿ ಇದೆ. ಹೊಸ ಕಾರು ಮನೆಗೆ ಬಂದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಎರಡು ವಾರವಾಗುವಷ್ಟರಲ್ಲಿ "ಸ್ಟೀರಿಯೋ ಬದಲಾಯಿಸಬೇಕು ಮಾರಾಯರೇ" ಎಂಬ ಮಾತು ಶುರು. ಆಸೆ ತಪ್ಪಲ್ಲ. ಪುಣೆ, ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿ ಮುಟ್ಟುವುದರೊಳಗೆ ಒಂದಿಡೀ ಹಗಲು ಕಳೆಯುತ್ತದೆ. ಅಷ್ಟು ಹೊತ್ತು ಬೇಸರಿಸದೆ ಜೊತೆ ಕೊಡುವುದು ಹಾಡೇ. ನನ್ನ ತಕರಾರು ಇರುವುದು ದುಡ್ಡು ಸುರಿಯುವ ಜಾಗದ ಬಗ್ಗೆ. ಹೊಳೆಯುವ ಪರದೆಗೆ ಕೊಡುವ ಹಣದಲ್ಲಿ ಅರ್ಧವನ್ನು ಸ್ಪೀಕರಿಗೆ, ವೈರಿಗೆ ಮತ್ತು ಆಂಪ್ಲಿಫೈಯರನ್ನು ಸರಿಯಾಗಿ ಹೊಂದಿಸುವ ಕೆಲಸಕ್ಕೆ ಕೊಟ್ಟರೆ ಹಾಡೂ ಚೆಂದ, ಕಿವಿಯೂ ಕ್ಷೇಮ, ಕಾರೂ ಕ್ಷೇಮ.

ನಾನು ಬಿ.ಕಾಂ. ಓದಿದವನು, ಎಂಜಿನಿಯರ್ ಅಲ್ಲ. ಆದರೆ ಮೂವತ್ತು ವರ್ಷ ಬ್ಯಾಂಕಿನಲ್ಲಿ ಜಮಾ-ಖರ್ಚು ತಾಳೆ ನೋಡಿದ ಕಣ್ಣು ನನ್ನದು. ಕುರ್ಲಾದ ಸಿಎಸ್‌ಟಿ ರೋಡಿಗೆ ಹೋಗಿ, ದೆಹಲಿಯ ಕರೋಲ್‌ಬಾಗಿಗೆ ಹೋಗಿ, ನಮ್ಮ ಬೆಂಗಳೂರಿನ ಜೆ.ಸಿ. ರೋಡಿಗೇ ಹೋಗಿ, ಹೆಡ್ ಯೂನಿಟ್ಟಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ "50 ವ್ಯಾಟ್ x 4" ಎಂದು ಬರೆದಿರುತ್ತದೆ. ಅಂದರೆ 200 ವ್ಯಾಟ್ ಖರ್ಚು. ಇನ್ನು ಜಮಾ ನೋಡೋಣ. ಯೂನಿಟ್ಟಿನ ಹಿಂಭಾಗದ ಫ್ಯೂಸ್ ಸಾಮಾನ್ಯವಾಗಿ 10 ಆಂಪಿಯರಿನದು. ಎಂಜಿನ್ ಓಡುತ್ತಿರುವಾಗ ಕಾರಿನ ವಿದ್ಯುತ್ತು ಸುಮಾರು 14.4 ವೋಲ್ಟ್. ಗುಣಿಸಿ, 144 ವ್ಯಾಟ್. ಒಳಗೆ ಬರುವುದೇ 144, ಹೊರಗೆ ಹೋಗುವುದು 200! ಇಂಥ ಬ್ಯಾಲೆನ್ಸ್ ಶೀಟ್ ಹಿಡಿದು ಯಾರಾದರೂ ಸಾಲ ಕೇಳಲು ಬಂದರೆ ಅವರಿಗೆ ಚಹಾ ಕುಡಿಸಿ ಕಳಿಸುತ್ತೇವೆ, ಅಷ್ಟೇ.

ಹಾಗಾದರೆ ಆ 50 ಬಂದದ್ದೆಲ್ಲಿಂದ? 14.4ನ್ನು 14.4ರಿಂದ ಗುಣಿಸಿ, ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ 51.8. ಧ್ವನಿ ಪೂರ್ತಿ ಒಡೆದು ಕಿರುಚುವಾಗಿನ ಲೆಕ್ಕ ಅದು. ಸ್ವಚ್ಛ ಧ್ವನಿಗೆ ಇದರ ಅರ್ಧ, ಸುಮಾರು 26, ಅದೂ ಕಾಗದದ ಮೇಲೆ. ನಷ್ಟ ಕಳೆದು ಕೈಗೆ ಬರುವುದು ಇಪ್ಪತ್ತರ ಆಸುಪಾಸು. ಆದ್ದರಿಂದ "ಪೀಕ್", "ಮ್ಯಾಕ್ಸ್" ಎಂಬ ಪದಗಳನ್ನು ಬಿಟ್ಟು "ಆರ್‌ಎಂಎಸ್" ಎಂಬ ಪದ ಹುಡುಕಿ. ಒಂದು ಗ್ರಾಸ್, ಇನ್ನೊಂದು ನೆಟ್ ಅಂದುಕೊಳ್ಳಿ. ಈ ಗೊಂದಲ ತಪ್ಪಿಸಲೆಂದೇ 2003ರಲ್ಲಿ ಅಮೆರಿಕದಲ್ಲಿ ಸಿಇಎ-2006 ಎಂಬ ಅಳತೆಯ ಕ್ರಮ ಬಂತು. ಡಬ್ಬದ ಮೇಲೆ ಅದರ ಹೆಸರಿದ್ದರೆ ಆ ಸಂಖ್ಯೆಯನ್ನು ಹೆಚ್ಚು ನಂಬಬಹುದು.

ಇನ್ನೊಂದು ಸಂಗತಿ. ವ್ಯಾಟು ಎರಡು ಪಟ್ಟಾದರೆ ಶಬ್ದ ಏರುವುದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ವ್ಯಾಟು ಹತ್ತು ಪಟ್ಟಾಗಬೇಕು. 87 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರ್ ಬಿಟ್ಟು 90ರದ್ದನ್ನು ಕೊಂಡರೆ, ಆಂಪ್ಲಿಫೈಯರಿನ ವ್ಯಾಟು ದುಪ್ಪಟ್ಟು ಮಾಡಿದಷ್ಟೇ ಲಾಭ. ಈ ಮಾತನ್ನು ಅಂಗಡಿಯವರು ಹೇಳುವುದು ಕಡಿಮೆ.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಹೊಸ ಹೆಡ್ ಯೂನಿಟ್ ಬೇಕೇ ಬೇಕೆ? ಇಂದಿನ ಎಷ್ಟೋ ಕಾರುಗಳಲ್ಲಿ ಕಂಪನಿಯ ಪರದೆಗೇ ಹಿಂದಿನ ಕ್ಯಾಮೆರಾ, ಸ್ಟೀರಿಂಗ್ ಮೇಲಿನ ಗುಂಡಿಗಳು, ಕೆಲವದರಲ್ಲಿ ಏಸಿ ಕೂಡ ಜೋಡಣೆಯಾಗಿರುತ್ತದೆ. ಅದನ್ನು ಕಿತ್ತು ವೈರು ಕತ್ತರಿಸಿದರೆ ವಾರಂಟಿಯ ತಲೆನೋವು ಬೇರೆ. ಕಂಪನಿಯದನ್ನೇ ಇಟ್ಟುಕೊಂಡು, ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ, ಅಂದರೆ 'ಹೈ ಲೆವೆಲ್ ಇನ್‌ಪುಟ್' ಇರುವ ಆಂಪ್ಲಿಫೈಯರ್ ಹಾಕಿಸಬಹುದು. ನಾನಾದರೆ ಹೊಸ ಕಾರಿಗೆ ಇದನ್ನೇ ಆರಿಸುತ್ತೇನೆ.

ಕಾರು ಹಳೆಯದು, ಯೂನಿಟ್ ಬದಲಿಸಲೇಬೇಕು ಎಂದರೆ ಪರದೆಯ ಇಂಚು ಅಳೆಯುವ ಮೊದಲು ಯೂನಿಟ್ಟಿನ ಹಿಂಭಾಗ ನೋಡಿ. ಪ್ರೀ-ಔಟ್ 2 ವೋಲ್ಟೋ, 4 ವೋಲ್ಟೋ? ಸಿಗ್ನಲ್ ಬಲವಾಗಿ ಹೊರಟರೆ ಆಂಪ್ಲಿಫೈಯರ್ ಅದನ್ನು ಹೆಚ್ಚು ಎತ್ತಬೇಕಾಗಿಲ್ಲ, 'ಸುಂಯ್' ಎನ್ನುವ ಸದ್ದೂ ಕಡಿಮೆ. ಮುಂದೆ, ಹಿಂದೆ, ಸಬ್‌ವೂಫರ್ ಎಂದು ಮೂರು ಜೋಡಿ ಪ್ರೀ-ಔಟ್ ಇರಲಿ. ಹೈಪಾಸ್, ಲೋಪಾಸ್ ಫಿಲ್ಟರ್ ಇರಲಿ. ವಾಲ್ಯೂಮಿಗೆ ತಿರುಗಿಸುವ ಗುಂಡಿಯೇ ಇರಲಿ, ಖಂಬಾಟ್ಕಿ ಘಾಟಿನ ತಿರುವಿನಲ್ಲಿ ಪರದೆ ಮುಟ್ಟಿ ಹುಡುಕುತ್ತಾ ಕೂರಲಾಗದು. ಅಂದ ಹಾಗೆ, ಕೊಲ್ಹಾಪುರ ದಾಟಿದೊಡನೆ ಧಾರವಾಡ ಆಕಾಶವಾಣಿ ಹಿಡಿಯಲು ಮುಳ್ಳು ತಿರುಗಿಸುತ್ತಿದ್ದ ತಲೆಮಾರು ನಮ್ಮದು. ಅದು ಮೀಡಿಯಂ ವೇವ್. ರೇಡಿಯೋದ ಹುಚ್ಚು ಇನ್ನೂ ಇರುವವರು ಎಎಂ ಬ್ಯಾಂಡ್ ಇದೆಯೋ ಇಲ್ಲವೋ ಅಂಗಡಿಯಲ್ಲೇ ನೋಡಿಕೊಳ್ಳಿ. ಎಲ್ಲದರಲ್ಲೂ ಇರುವುದಿಲ್ಲ.

ಈಗ ಆಂಪ್ಲಿಫೈಯರ್. ಅದರ ಮೇಲೆ 'ಗೇನ್' ಎಂಬ ಸಣ್ಣ ತಿರುಪು ಇರುತ್ತದೆ. "ಸಾಬ್, ಫುಲ್ ಕರ್ ದಿಯಾ" ಎಂದು ಫಿಟ್ಟರ್ ಖುಷಿಯಿಂದ ಹೇಳಿದರೆ ಗಾಬರಿಯಾಗಬೇಕಾದ್ದು ಅಲ್ಲೇ. ಗೇನ್ ಎಂಬುದು ವಾಲ್ಯೂಮ್ ಅಲ್ಲ. ಹೆಡ್ ಯೂನಿಟ್ ಕಳಿಸುವ ಸಿಗ್ನಲ್ಲಿಗೂ ಆಂಪ್ಲಿಫೈಯರಿನ ಶಕ್ತಿಗೂ ತಾಳೆ ಹಾಕುವ ತಿರುಪು ಅದು. ಹದ ಮೀರಿ ತಿರುಗಿಸಿದರೆ ವ್ಯಾಟು ಹೆಚ್ಚಾಗುವುದಿಲ್ಲ, ಧ್ವನಿ ಒಡೆಯುತ್ತದೆ. ಒಡೆದ ಧ್ವನಿ ಮೊದಲು ಸುಡುವುದು ಸಾಮಾನ್ಯವಾಗಿ ಟ್ವೀಟರನ್ನು.

ಹೊಂದಿಸುವ ಕ್ರಮ ಕಷ್ಟದ್ದಲ್ಲ, ಒಂದು ಮಲ್ಟಿಮೀಟರ್ ಸಾಕು. ಬೇಸ್ ಬೂಸ್ಟ್, ಲೌಡ್‌ನೆಸ್, ಈಕ್ವಲೈಸರ್ ಎಲ್ಲ ಸೊನ್ನೆ ಮಾಡಿ. ಸ್ಪೀಕರ್ ವೈರು ಬಿಚ್ಚಿ. ಗೇನ್ ಪೂರ್ತಿ ಕೆಳಗಿಳಿಸಿ. ಹೆಡ್ ಯೂನಿಟ್ಟಿನ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು ಪರೀಕ್ಷೆಯ ಸ್ವರ ಹಾಕಿ. ಬಾಗಿಲ ಸ್ಪೀಕರಿಗೆ 1000 ಹರ್ಟ್ಸ್, ಸಬ್‌ವೂಫರಿಗೆ 50. ಆಂಪ್ಲಿಫೈಯರಿನ ಆರ್‌ಎಂಎಸ್ ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 50 ವ್ಯಾಟ್, 4 ಓಮ್ ಎಂದರೆ 200ರ ವರ್ಗಮೂಲ, 14.1. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಸ್ಪೀಕರ್ ಟರ್ಮಿನಲ್ಲಿನಲ್ಲಿ 14.1 ತೋರಿಸುವವರೆಗೆ ಗೇನನ್ನು ಮೆಲ್ಲಗೆ ಏರಿಸಿ, ಅಲ್ಲಿಗೆ ನಿಲ್ಲಿಸಿ. ಆಮೇಲೆ ಸ್ಪೀಕರ್ ಜೋಡಿಸಿ, ಬಾಗಿಲಿನವಕ್ಕೆ 80 ಹರ್ಟ್ಸಿನ ಹೈಪಾಸ್, ಸಬ್‌ವೂಫರಿಗೆ ಅಷ್ಟರದೇ ಲೋಪಾಸ್ ಇಟ್ಟು ಶುರು ಮಾಡಿ. ಮುಂದಿನ ತಿದ್ದುಪಡಿ ನಿಮ್ಮ ಕಿವಿಗೆ ಬಿಟ್ಟದ್ದು.

ಉಳಿತಾಯ ಎಲ್ಲಿ ಬೇಕಾದರೂ ಮಾಡಿ, ಪವರ್ ಕೇಬಲ್ಲಿನಲ್ಲಿ ಮಾತ್ರ ಬೇಡ. ಬ್ಯಾಟರಿಯಿಂದ ಬರುವ ಕೇಬಲ್ ಎಲ್ಲಾದರೂ ಸವೆದು ಕಾರಿನ ತಗಡಿಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಬೆಂಕಿ ಹತ್ತಬಹುದು. ಅದಕ್ಕೇ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇರಬೇಕು. ಈ ಫ್ಯೂಸ್ ಕಾಯುವುದು ಕೇಬಲನ್ನು, ಆಂಪ್ಲಿಫೈಯರನ್ನಲ್ಲ. ಅರ್ತ್ ವೈರು ಗಿಡ್ಡವಾಗಿರಲಿ, ಬಣ್ಣ ಕೆರೆದ ಲೋಹಕ್ಕೆ ಬಿಗಿಯಾಗಿ ಕೂರಲಿ. ಪವರ್ ಕೇಬಲ್ ಕಾರಿನ ಒಂದು ಬದಿಗೆ, ಸಿಗ್ನಲ್ಲಿನ ಆರ್‌ಸಿಎ ವೈರು ಇನ್ನೊಂದು ಬದಿಗೆ ಹೋಗಲಿ. ಎಕ್ಸಲರೇಟರ್ ಒತ್ತಿದಂತೆ 'ಕುಂಯ್' ಸದ್ದು ಏರಿದರೆ ಮೊದಲು ಈ ಅರ್ತನ್ನೇ ಅನುಮಾನಿಸಿ. ತಾಮ್ರದ ಹೊದಿಕೆಯ ಅಲ್ಯೂಮಿನಿಯಂ ವೈರು ಅಗ್ಗ, ಆದರೆ ಅಷ್ಟೇ ದಪ್ಪದ ಅಪ್ಪಟ ತಾಮ್ರದಷ್ಟು ವಿದ್ಯುತ್ತು ಹೊರಲಾರದು.

ಕೊನೆಯದಾಗಿ ಕಿವಿ. ಅಮೆರಿಕದ ನಯೋಷ್ ಸಂಸ್ಥೆ ಕೆಲಸಗಾರರಿಗೆ ಹಾಕಿದ ಮಿತಿ: 85 ಡೆಸಿಬಲ್ ಆದರೆ ಎಂಟು ಗಂಟೆ. ಮೂರು ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧ. 94ಕ್ಕೆ ಒಂದೇ ಗಂಟೆ, 100ಕ್ಕೆ ಕಾಲು ಗಂಟೆ. ಚಕ್ರಬಡ್ಡಿಯಂತೆ ಬೆಳೆಯುವ ಸಾಲ ಇದು, ಮತ್ತು ಕಿವಿ ಒಮ್ಮೆ ದಿವಾಳಿಯಾದರೆ ಮರಳಿ ಜಮಾ ಆಗುವ ಮಾತಿಲ್ಲ. ಹಿಂದಿನ ಸೀಟಿನಲ್ಲಿ ವಯಸ್ಸಾದ ಅಮ್ಮ, ಪಕ್ಕದಲ್ಲಿ ಮೊಮ್ಮಗು ಕೂತಿರುವ ಕಾರಿನಲ್ಲಿ ಎದೆ ನಡುಗಿಸುವ ಬೇಸ್ ಯಾರಿಗೆ ಬೇಕಾಗಿದೆ, ಹೇಳಿ?

ಕೊಳ್ಳಲು ಹೋಗುವಾಗ ನಿಮ್ಮದೇ ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಂಗಡಿಯವರು ಹಾಕುವ ಧಡಂ ಧಡಂ ಹಾಡಿನಲ್ಲಿ ಎಲ್ಲ ಸ್ಪೀಕರುಗಳೂ ಶೂರರೇ. ಮಲ್ಲಿಕಾರ್ಜುನ ಮನ್ಸೂರರ ಒಂದು ವಚನ ಹಾಕಿಸಿ, ವಾಲ್ಯೂಮ್ ತಗ್ಗಿಸಿ. ಹಿಂದಿನ ತಂಬೂರಿ ಎಳೆಎಳೆಯಾಗಿ ಕೇಳುತ್ತದೆಯೇ? ಡಗ್ಗಾದ ಪೆಟ್ಟು ದುಂಡಗಿದೆಯೇ, ಡಬ್ಬ ಬಡಿದಂತಿದೆಯೇ? ಕರಾವಳಿಯವರಾದರೆ ಚೆಂಡೆ ಹಾಕಿಸಿ, ಬಾಗಿಲ ತಗಡು ಗಡಗಡ ಅನ್ನುತ್ತದೆಯೋ ನೋಡಿ. ಅಂದರೆ ಬಾಗಿಲಿಗೆ ಡ್ಯಾಂಪಿಂಗ್ ಹಾಳೆ ಬೇಕು, ಹೆಚ್ಚಿನ ವ್ಯಾಟು ಬೇಡ. ಮೆಲ್ಲಗೆ ಇಟ್ಟಾಗ ಸಾಹಿತ್ಯದ ಪ್ರತಿ ಅಕ್ಷರವೂ ಬಿಡಿಯಾಗಿ ಕೇಳಿಸುವ ಸೆಟ್ಟಿಗೆ ಚೆಕ್ ಬರೆಯಿರಿ, ಪರದೆ ಎಷ್ಟೇ ಸಣ್ಣದಿರಲಿ.