ಬಾಂಬು ಬಣವಿಯಲ್ಲ

ಕಲಘಟಗಿಯ ಹಾಸ್ಟೆಲ್ ಹುಡುಗರ ಪ್ರಶ್ನೆ ಇದು: "ಒಂದು ಅಣುಬಾಂಬ್ ಸಿಡಿದ್ರ ಬಾಜೂಕಿಂದೂ ಸಿಡೀತದೇನ್ರಿ?"

ಒಂದು ಬಣವಿಗೆ ಕಿಡಿ ಬಿದ್ದರೆ ಮಗ್ಗುಲ ಬಣವಿಯೂ ಹೊತ್ತಿಕೊಳ್ಳುತ್ತದೆ. ಬಾಂಬು ಹಾಗಲ್ಲ. ಅದರ ನಡುವೆ ಪ್ಲುಟೋನಿಯಂ ಉಂಡೆ, ಸುತ್ತಲೂ ಸಾಮಾನ್ಯ ಸಿಡಿಮದ್ದು. ಆ ಮದ್ದು ಎಲ್ಲ ಕಡೆಯಿಂದ ಏಕಕಾಲಕ್ಕೆ ಸಿಡಿದು ಉಂಡೆಯನ್ನು ಸಮನಾಗಿ ಒತ್ತಬೇಕು. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕ ಅದು. ಮಗ್ಗುಲ ಬಾಂಬಿನ ಹೊಡೆತ ಬರೋದು ಒಂದೇ ದಿಕ್ಕಿನಿಂದ. ಕಲಸಿದ ಹಿಟ್ಟಿನ ಉಂಡೆಗೆ ಒಂದೇ ಕಡೆ ಗುದ್ದಿ ನೋಡ್ರಿ, ಅದು ಇನ್ನೊಂದು ಕಡೆ ಪಿಚಕ್ಕನೆ ಹೊರಬರುತ್ತದೆ. ಹಾಗೆಯೇ ಎರಡನೆಯ ಬಾಂಬು ಒಡೆದು ಹಾಳಾಗುತ್ತದೆ. ಸೈನ್ಯದವರು ಇದಕ್ಕೆ 'ಸೋದರಹತ್ಯೆ' ಅಂತಲೇ ಹೆಸರಿಟ್ಟಿದ್ದಾರೆ. ಹೈಡ್ರೋಜನ್ ಬಾಂಬಿನಲ್ಲಿ ಒಂದು ಸ್ಫೋಟ ಇನ್ನೊಂದನ್ನು ಹೊತ್ತಿಸೋದು ನಿಜ. ಆದರೆ ಅದು ಒಂದೇ ಕವಚದೊಳಗೆ ಲೆಕ್ಕ ಹಾಕಿ ಜೋಡಿಸಿದ್ದು.

ಸಿಡಿಯೋದಿಲ್ಲ ಅಂದರೆ ಕೇಡಿಲ್ಲ ಅಂತಲ್ಲ. 1966ರ ಜನವರಿ 17ರಂದು ಸ್ಪೇನಿನ ಪಾಲೊಮಾರೆಸ್ ಹಳ್ಳಿಯ ಮೇಲೆ ಅಮೆರಿಕದ ವಿಮಾನ ಅಪಘಾತವಾಗಿ ನಾಲ್ಕು ಹೈಡ್ರೋಜನ್ ಬಾಂಬು ಬಿದ್ದವು. ಎರಡರ ಸಿಡಿಮದ್ದು ಸಿಡಿಯಿತು. ಅಣುಸ್ಫೋಟ ಆಗಲಿಲ್ಲ, ಆದರೆ ರೈತರ ಹೊಲದ ತುಂಬ ಪ್ಲುಟೋನಿಯಂ ಚೆಲ್ಲಿತು. ಬಾಂಬು ಯಾರದೋ, ವಿಷ ಉಂಡ ಮಣ್ಣು ಯಾರದೋ!

ಇದು ನಮಗೆ ಪರದೇಶದ ಸುದ್ದಿಯೂ ಅಲ್ಲ. 1974ರಲ್ಲಿ ಪೋಖ್ರಾನಿನ ಮೊದಲ ಸ್ಫೋಟದ ಮುಂದಾಳು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. 1998ರ ಮೇ 11ರಂದು ಅಲ್ಲೇ ಮೂರು ಬಾಂಬು ಒಟ್ಟಿಗೆ ಸಿಡಿಸಿದರು. ದೊಡ್ಡವೆರಡರ ನಡುವೆ ಇದ್ದದ್ದು ಸುಮಾರು ಒಂದು ಕಿಲೋಮೀಟರು. ಒಂದರ ಏಟಿಗೆ ಇನ್ನೊಂದು ಕೆಡಬಾರದು ಅಂತ ಒಟ್ಟಿಗೆ ಸಿಡಿಸಿದ್ದು. ವಿಜ್ಞಾನಿಗಳ ಅಂಜಿಕೆ ಹೊತ್ತೀತು ಅಂತಲ್ಲ, ಕೆಟ್ಟೀತು ಅಂತ.

ಹಂಗಾದರ ಒಂದು ಬಾಂಬು ಇನ್ನೊಂದನ್ನು ಸಿಡಿಸೋದೇ ಇಲ್ಲವೆ? ಸಿಡಿಸುತ್ತದೆ, ಆದರೆ ದಾರಿ ಬೇರೆ. 1945ರ ಆಗಸ್ಟ್ 6ಕ್ಕೆ ಹಿರೋಶಿಮಾ, 9ಕ್ಕೆ ನಾಗಾಸಾಕಿ. ನಡುವೆ ಇದ್ದದ್ದು ಮನುಷ್ಯರ ಆಜ್ಞೆ. 1998ರ ಮೇ 11 ಮತ್ತು 13ಕ್ಕೆ ನಮ್ಮವರು ಸಿಡಿಸಿದರು. ಮೇ 28ಕ್ಕೆ ಪಾಕಿಸ್ತಾನ ಚಾಗಾಯಿಯಲ್ಲಿ ಸಿಡಿಸಿತು. ಒಂದು ಕಿಲೋಮೀಟರು ದಾಟಿ ಹೊತ್ತದ ಬಾಂಬು ಗಡಿ ದಾಟಿ ಹೊತ್ತಿತು! ಎರಡೂ ಕಡೆ ಸಿಹಿ ಹಂಚಿದರು. ಎರಡೂ ಕಡೆ ಉಣ್ಣಲಿಲ್ಲದವರು ಚಪ್ಪಾಳೆ ತಟ್ಟಬೇಕಾಯಿತು.

ನಮ್ಮ ಕೇರಿಗಳು ಸುಟ್ಟಾಗ "ಬೆಂಕಿ ಹತ್ತಿತು" ಅಂತ ಬರೆಯುತ್ತಾರೆ, "ಹಚ್ಚಿದರು" ಅಂತ ಬರೆಯೋದಿಲ್ಲ. ಬಾಂಬಿನ ಮಾತಿನಲ್ಲೂ ಇದೇ ಆಟ: "ಯುದ್ಧ ಹಬ್ಬಿತು" ಅಂತಾರೆ. ಬಾಂಬು ತಾನಾಗಿ ಹಬ್ಬೋದಿಲ್ಲ ಅಂತ ವಿಜ್ಞಾನವೇ ಹೇಳುತ್ತದೆ. ಗುಂಡಿ ಒತ್ತುವ ಕೈ ಬೇಕು, ಒತ್ತು ಅನ್ನುವ ಬಾಯಿ ಬೇಕು.

ಅದಕ್ಕೇ ಗೆಳೆಯರೇ, ವಿಜ್ಞಾನ ಓದ್ರಿ. ಓದಿ ಅಂಜಿಕೆ ಬಿಡ್ರಿ, ಪ್ರಶ್ನೆ ಬಿಡಬ್ಯಾಡ್ರಿ. ಎಲ್ಲಿ ಏನೇ ಸಿಡಿಯಲಿ, ಮೊದಲು ಕೇಳ್ರಿ: ಯಾರ ಕೈ? ಯಾರ ಆಜ್ಞೆ? ಸುಟ್ಟದ್ದು ಯಾರ ಮನಿ?

ಜೈ ಭೀಮ್.