ಆನೆ ಲಾರಿ ಬಂತು ಅಂದ್ರೆ...

ರಸ್ತೆ ಪಕ್ಕ ಮನೆ ಇದ್ದವರಿಗೆ ಪೇಪರ್ ತರಿಸೋ ಖರ್ಚಿಲ್ಲ ಅಂತ ನಮ್ಮತ್ತೆ ಹೇಳ್ತಿದ್ರು. ನಿಜ ಕಣ್ರೀ. ನಮ್ಮ ಬಿಕ್ಕೋಡಿನಲ್ಲಿ ಯಾವ ಗಾಡಿ ಹೋಯ್ತು ಅಂತ ನೋಡಿದ್ರೆ ಸಾಕು, ಸುತ್ತಮುತ್ತಲ ಸುದ್ದಿಯೆಲ್ಲ ಗೊತ್ತಾಗುತ್ತೆ. ತಮಿಳುನಾಡು ನಂಬರಿನ ಬೋರ್‌ವೆಲ್ ಲಾರಿ ಬಂದ್ರೆ ಯಾರದೋ ತೋಟದಲ್ಲಿ ನೀರು ಕೈಕೊಟ್ಟಿದೆ ಅಂತ ಅರ್ಥ. ಭತ್ತ ಕೊಯ್ಯೋ ಮೆಷಿನ್ ಬಂದ್ರೆ ಗದ್ದೆ ಹಣ್ಣಾಗಿದೆ. ಸಿಲ್ವರ್ ಮರದ ದಿಮ್ಮಿ ತುಂಬಿದ ಲಾರಿ ಹೊರಟ್ರೆ ಆ ಮನೆಯಲ್ಲಿ ಮದುವೆಯೋ, ಸಾಲವೋ, ಎರಡರಲ್ಲೊಂದು.

ಸಕಲೇಶಪುರದ ಕಡೆ ಎತ್ತಿನಹೊಳೆ ಯೋಜನೆಯ ಕೆಲಸ ಜೋರಾಗಿದ್ದಾಗ ದೊಡ್ಡ ದೊಡ್ಡ ಪೈಪ್ ಹೊತ್ತ ಟ್ರೇಲರ್‌ಗಳನ್ನು ನೋಡೋದೇ ಮಕ್ಕಳಿಗೆ ಹಬ್ಬ. "ಅಮ್ಮಾ, ಅದರೊಳಗೆ ನಮ್ಮ ಕಾರೇ ಹೋಗುತ್ತೆ" ಅಂತ ನನ್ನ ಮಗ ಬಾಯಿಬಿಟ್ಟು ನಿಂತಿದ್ದ. 2024ರ ಸೆಪ್ಟೆಂಬರ್ 6ರಂದು ಆ ಯೋಜನೆಯ ಮೊದಲ ಹಂತಕ್ಕೆ ಚಾಲನೆಯೂ ಸಿಕ್ಕಿತು.

ಆದರೆ ಒಲೆ ಮೇಲಿನ ಹಾಲನ್ನೂ ಮರೆತು ಎಲ್ಲರೂ ಹೊರಗೆ ಓಡಿಬರೋದು ಒಂದೇ ಗಾಡಿಗೆ. ಅದು ಆನೆ ಲಾರಿ.

ನೋಡಿಲ್ಲದವರಿಗೆ ಹೇಳ್ತೀನಿ. ಲಾರಿಯ ಹಿಂಭಾಗದಲ್ಲಿ ದಪ್ಪ ಮರದ ದಿಮ್ಮಿಗಳನ್ನು ಕಟ್ಟಿ ಕೊಟ್ಟಿಗೆ ತರಹ ಮಾಡಿರ್ತಾರೆ. ಮೊದಲು ದುಬಾರೆ, ಮತ್ತಿಗೋಡಿನಂಥ ಶಿಬಿರಗಳಿಂದ ಸಾಕಾನೆಗಳು ಇಂಥ ಲಾರಿಗಳಲ್ಲೇ ಬರುತ್ತವೆ. ಜೊತೆಗೆ ಮಾವುತರು, ಕಾವಾಡಿಗಳು, ಹುಲ್ಲು, ಪಾತ್ರೆಪಗಡ. ಹಿಂದೆಯೇ ಅರಣ್ಯ ಇಲಾಖೆ ಜೀಪುಗಳು, ಕೊನೆಗೊಂದು ಕ್ರೇನ್. ಈ ಸಾಲು ಕಂಡ ಕೂಡಲೇ ಫೋನ್ ಮೇಲೆ ಫೋನ್. "ಅಕ್ಕಾ, ಲಾರಿ ಯಾವ ಕಡೆ ತಿರುಗ್ತು? ನಮ್ಮ ತೋಟದ ಕಡೆಗಾ?"

ಪ್ರಾಯದ ಗಂಡಾನೆ ನಾಲ್ಕೈದು ಟನ್ ತೂಗುತ್ತೆ. ಅದನ್ನು ಕಾಫಿ ಗಿಡಗಳ ನಡುವಿಂದ ಲಾರಿಗೆ ಹತ್ತಿಸೋದು ಹುಡುಗಾಟವಲ್ಲ. ವೈದ್ಯರು ದೂರದಿಂದ ಅರಿವಳಿಕೆ ಮದ್ದು ಹಾರಿಸ್ತಾರೆ. ಮದ್ದು ಹತ್ತಿದ ಮೇಲೆ ಆನೆ ಎದೆ ಊರಿ ಬಿದ್ದರೆ ಅದರ ಭಾರವೇ ಅದಕ್ಕೆ ಮುಳುವು, ಉಸಿರಾಡಲು ಕಷ್ಟವಾಗುತ್ತೆ. ಅದಕ್ಕೇ ಅಷ್ಟೊಂದು ಅವಸರ. ಮೈಮೇಲೆ ನೀರು ಸುರೀತಾರೆ, ಕಾಲಿಗೆ, ಕುತ್ತಿಗೆಗೆ ಹಗ್ಗ ಹಾಕ್ತಾರೆ. ಸಾಕಾನೆಗಳು ಎರಡೂ ಬದಿಯಿಂದ ಒತ್ತಿ, ಹಿಂದಿನಿಂದ ನೂಕಿ ರಸ್ತೆಗೆ ತರುತ್ತವೆ. ಆಮೇಲೆ ಕ್ರೇನಿನ ಬೆಲ್ಟಿನಲ್ಲಿ ಎತ್ತಿ ಲಾರಿಗೆ. ಅಷ್ಟು ದೊಡ್ಡ ಜೀವ ಗಾಳಿಯಲ್ಲಿ ನೇತಾಡೋದು ಕಂಡಾಗ, ಬೈಯುತ್ತಿದ್ದವರೂ "ಅಯ್ಯೋ ಪಾಪ" ಅಂದುಬಿಡ್ತಾರೆ. ಗದ್ದೆ ಪೂರ್ತಿ ತುಳಿಸಿಕೊಂಡ ನಮ್ಮ ಪಕ್ಕದ ಮನೆ ಅಜ್ಜಿಯೂ ಕೈ ಮುಗಿದಿದ್ರು. "ಗಣಪ್ಪ ಕಣವ್ವ, ಏನ್ಮಾಡದು" ಅಂತ.

ಇದರಲ್ಲಿ ಸಾಕಾನೆಗಳ ಪಾಡನ್ನೂ ಮರೆಯಬಾರದು. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು ನಮ್ಮ ಪಕ್ಕದ ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ ಕಾಡಾನೆ ಜೊತೆ ಕಾದಾಡಿ ಸತ್ತ. ಲಾರಿಯಲ್ಲಿ ಬಂದವನು ವಾಪಸ್ ಹೋಗಲೇ ಇಲ್ಲ. ಅಲ್ಲೇ ಮಣ್ಣು ಮಾಡಿದರು. ಆವತ್ತು ನಮ್ಮೂರಲ್ಲೂ ಎಷ್ಟೋ ಜನಕ್ಕೆ ಊಟ ಸೇರಲಿಲ್ಲ.

ಲಾರಿ ಆನೆ ತುಂಬಿಕೊಂಡು ಹೊರಟಾಗ ಊರಿಗೆ ಊರೇ ನಿಟ್ಟುಸಿರು ಬಿಡುತ್ತೆ. ಆದರೆ ಈ ನೆಮ್ಮದಿ ಎಷ್ಟು ದಿನ? 2014ರಲ್ಲಿ ಆಲೂರು ಕಡೆ 22 ಆನೆ ಹಿಡಿದು ಸಾಗಿಸಿದರು. ಇನ್ನು ಕಾಟ ಮುಗೀತು ಅಂದುಕೊಂಡೆವು. ಹತ್ತು ವರ್ಷ ಕಳೆದರೂ ಆನೆ ಲಾರಿ ನಮ್ಮ ತಾಲ್ಲೂಕಿನ ರಸ್ತೆಯಲ್ಲೇ ಓಡಾಡ್ತಿದೆ. ತೋಟದೊಳಗೆ ನೆರಳಿದೆ, ಕೆರೆ ಇದೆ, ಹಲಸು, ಬಾಳೆ, ಭತ್ತ ಇದೆ. ಒಂದು ಹೋದರೆ ಇನ್ನೊಂದು ಬರದೇ ಇರುತ್ತದಾ?

ನನ್ನನ್ನು ಕಾಡೋದು ಇನ್ನೊಂದು ವಿಷಯ. ಸಾಮಾನ್ಯವಾಗಿ ಆನೆ ಲಾರಿ ಬರೋದು ಯಾರಾದರೂ ಸತ್ತ ಮೇಲೆ, ಜನ ಹೆಣ ಇಟ್ಟುಕೊಂಡು ರಸ್ತೆಯಲ್ಲಿ ಕೂತ ಮೇಲೆ. ಸತ್ತವರು ಯಾರು ಅಂತ ನೋಡಿ. ನಾನು ಕೇಳಿದ ಸುದ್ದಿಗಳಲ್ಲಿ ಕಾರಿನಲ್ಲಿ ಹೋಗ್ತಿದ್ದವರು ಕಮ್ಮಿ. ಬೆಳಗ್ಗೆ ಮಂಜಿನಲ್ಲಿ ಬುತ್ತಿ ಹಿಡಿದು ತೋಟಕ್ಕೆ ನಡೆದು ಹೊರಟ ಹೆಣ್ಣುಮಕ್ಕಳು, ಸಂಜೆ ಸಾಮಾನು ತಗೊಂಡು ಲೈನ್ ಮನೆಗೆ ವಾಪಸಾಗ್ತಿದ್ದ ಕೂಲಿಯವರು, ಇಂಥವರೇ ಹೆಚ್ಚು. ತಿರುವಿನಾಚೆ ಆನೆ ನಿಂತಿದ್ದರೂ ಆ ಮಂಜಿನಲ್ಲಿ ಕಾಣಲ್ಲ. ಬರೀ ಕಾಲಲ್ಲಿ ಎಲ್ಲಿಗೆ ಓಡೋದು?

ಹಾಗಾಗಿ ನಮಗೆ ನಿಜವಾಗಿ ಬೇಕಾಗಿರೋದು ವರ್ಷಕ್ಕೊಮ್ಮೆ ಬರೋ ಆ ಭಾರೀ ಲಾರಿಗಿಂತ, ದಿನಾ ಬರೋ ಒಂದು ಸಾದಾ ಗಾಡಿ ಅನ್ನಿಸುತ್ತೆ. ನಮ್ಮ ಬೀದಿಯ ಸಣ್ಣ ತೋಟದವರು ನಾಲ್ಕು ಮನೆ ಸೇರಿ ಕಾಫಿ ಕುಯ್ಲಿನ ಸಮಯಕ್ಕೆ ಒಂದು ಪಿಕಪ್ ಗೊತ್ತು ಮಾಡಿದ್ದಾರೆ. ಬೆಳಗ್ಗೆ ಮಂಜು ಕರಗಿದ ಮೇಲೆ ಆಳುಗಳನ್ನು ಕರ್ಕೊಂಡು ಹೋಗಿ, ಸಂಜೆ ಬೆಳಕಿರುವಾಗಲೇ ವಾಪಸ್ ಬಿಡುತ್ತೆ. ಕೆಲಸ ಒಂದು ಗಂಟೆ ಕಮ್ಮಿಯಾಗುತ್ತೆ, ಡೀಸೆಲ್ ಖರ್ಚು ಬೇರೆ. ಆದರೆ ಕಾಫಿಗೆ ಒಳ್ಳೆ ರೇಟು ಸಿಕ್ಕಿರೋ ಈ ಕಾಲದಲ್ಲಿ ಅದು ಹೊರೆಯಲ್ಲ ಅಂತ ಅವರೇ ಹೇಳ್ತಾರೆ. ದೊಡ್ಡ ಎಸ್ಟೇಟಿನವರೂ, ಶಾಲೆಗೆ ನಡೆದು ಹೋಗೋ ಮಕ್ಕಳಿಗಾಗಿ ಪಂಚಾಯ್ತಿಯವರೂ ಹೀಗೇ ಮನಸ್ಸು ಮಾಡಿದ್ರೆ ಎಷ್ಟು ಜೀವ ಉಳಿಯುತ್ತೋ!

ಇನ್ನೊಂದು ಮಾತು. ಆನೆ ಹಿಡಿಯೋ ಜಾಗಕ್ಕೆ ಮೊಬೈಲ್ ಹಿಡಿದು ನುಗ್ಗಬೇಡಿ, ಮಕ್ಕಳನ್ನಂತೂ ಕರ್ಕೊಂಡು ಹೋಗಲೇಬೇಡಿ. ಮದ್ದು ಹತ್ತಿದ ಆನೆ ಯಾವ ಕಡೆ ತಿರುಗುತ್ತೆ ಅಂತ ಮಾವುತರಿಗೇ ಗೊತ್ತಿರಲ್ಲ. ಇಲಾಖೆಯವರ ಮೆಸೇಜು ಬಂದರೆ ಪಕ್ಕದ ಮನೆಗೂ, ಫೋನಿಲ್ಲದ ಲೈನ್ ಮನೆಗೂ ಒಂದು ಮಾತು ಮುಟ್ಟಿಸಿ. ಅದಕ್ಕೆ ಯಾವ ಗಾಡಿಯೂ ಬೇಡ.